ಎಡಗೈ ಡೈರಿ, ಭಾಗ 5: ಅಪ್ಪನ ಕೋವಿಗೆ ಹೊಸ ಹಿಡಿ

1/8
ನಮ್ಮನೇಲಿ ಎಡಗೈಯವರು ಇಬ್ಬರು. ಅಪ್ಪ, ಆಮೇಲೆ ನಾನು. ಕತ್ತರಿ, ಕುಡುಗೋಲು, ಕ್ಲಾಸಿನ ಡೆಸ್ಕ್ ಚೇರು ಎಲ್ಲ ಹಿಂದಿನ ಭಾಗಗಳಲ್ಲಿ ಬಂದು ಹೋಗಿವೆ. "ಕೋವಿ ಕತೆ ಯಾವಾಗ?" ಅಂತ ಡಿಎಂ ಮಾಡಿದವರಿಗೆಲ್ಲ ಇದು. ಉದ್ದ ಇದೆ, ಎಂಟು ಪೋಸ್ಟ್. ಕೊನೇ ಪೋಸ್ಟಲ್ಲಿ ನಿಮಗೊಂದು ಟೆಸ್ಟ್ ಕೂಡ ಇದೆ, ಸ್ಕಿಪ್ ಮಾಡ್ಬೇಡಿ.

2/8
ಮೊದಲು, ಕೋವಿ ಯಾಕಿದೆ ಅನ್ನೋದು. ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋದ್ರೆ ಹೊಲ ಮುಗಿಯೋ ಹೊತ್ತಿಗೆ ಬಂಡೀಪುರ ಶುರುವಾಗುತ್ತೆ. ಕಡ್ಲೆಕಾಯಿ, ಜೋಳ ಬಲಿತ ಮೇಲೆ ಹಂದಿ ಬರದ ರಾತ್ರಿ ಇಲ್ಲ. ತಾತನ ಕಾಲದಿಂದ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಜೋಡಿನಳಿಗೆ ಕೋವಿ ಇದೆ, 12 ಬೋರ್. ಈಗ ಅಪ್ಪನ ಹೆಸರಲ್ಲಿದೆ. ಬೆಳೆ ರಕ್ಷಣೆ ಅಂದ್ರೆ ಬೇಟೆ ಅಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಅಪ್ಪ ಸದ್ದು ಮಾಡಿ ಓಡಿಸ್ತಾರೆ, ಅಷ್ಟೇ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮಗೆ ಇಲ್ಲ. ಅದೂ ಅಲ್ಲದೆ ನ್ಯಾಷನಲ್ ಪಾರ್ಕಿನಿಂದ 10 ಕಿ.ಮೀ. ಒಳಗೆ ಹೊಸ ಲೈಸೆನ್ಸ್ ಬೇಕಾದ್ರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. ಹಾಗಾಗಿ ಇರೋ ಹಳೇ ಕೋವೀನ ಯಾರೂ ಸುಮ್ನೆ ಬಿಡಲ್ಲ. ಕೆಟ್ಟರೆ ರಿಪೇರಿ ಮಾಡಿಸ್ತಾರೆ.

3/8
ನಮ್ಮದು ಕೆಟ್ಟಿದ್ದು ಮರದಲ್ಲಿ. ಹಿಡಿಯ ಕುತ್ತಿಗೆ, ಅಂದ್ರೆ ಕೈ ಹಿಡಿಯೋ ಸಣ್ಣ ಜಾಗ, ಅಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಹೊಸ ಹಿಡಿ ಹಾಕಿಸಲೇಬೇಕು. ಆಗ ನಾನು ಕೇಳಿದೆ: "ಹೆಂಗಿದ್ರೂ ಹೊಸದು ಹಾಕಿಸ್ತೀರಲ್ಲ, ಈ ಸಲ ನಿಮ್ಮ ಕೈಗೇ ಹಾಕಿಸಬಾರ್ದಾ?"

ಅಪ್ಪ ನಕ್ಕರು. "ಕೋವಿ ಚೆನ್ನಾಗೇ ಅದ ಕನವ್ವ, ನನ್ ಮೊಕನೇ ಅದುಕ್ಕ ಸರಿಯಿಲ್ಲ."

ತಮಾಷೆ ಅಲ್ಲ ಅದು. ಇಪ್ಪತ್ತು ವರ್ಷದಿಂದ ಅವರು ಹಾಗೇ ನಂಬಿದ್ರು. ಪ್ರತಿ ಸಲ ಕೋವಿ ಹಾರಿಸಿದ ಮಾರನೇ ದಿನ ಎಡಗೆನ್ನೆ ಮೂಳೆ ಊದಿರುತ್ತಿತ್ತು. ಸ್ಕೂಲಲ್ಲಿ ಎಡಗೈ ಮೇಲೆ ಏಟು ತಿಂದು ತಿಂದು ಬಲಗೈಲಿ ಬರೆಯೋದು ಕಲಿತವರು ಅವರು. ಕೋವಿ ಲೈಸೆನ್ಸ್ ಮೇಲಿರೋ ಸಹಿ ಬಲಗೈದು. ಉಳಿದದ್ದೆಲ್ಲ, ನೇಗಿಲು, ಮಚ್ಚು, ಮುದ್ದೆ ತಿರುವೋ ಕೋಲು, ಕೋವಿ, ಎಡಗೈದು. ವಸ್ತು ಸರಿ, ನಾನೇ ತಪ್ಪು ಅನ್ನೋದು ಅವರಿಗೆ ಚಿಕ್ಕಂದಿನಲ್ಲೇ ಅಭ್ಯಾಸ ಆಗೋಗಿದೆ.

4/8
ಮುಖ ಸರಿಯಿಲ್ವಾ, ಮರ ಸರಿಯಿಲ್ವಾ? ಲೆಕ್ಕ ಹಾಕೋಣ.

ತೋಟಾ ಕೋವೀಲಿ ಹಿಂದುಗಡೆ ಗುರಿಕಟ್ಟು ಇರಲ್ಲ. ನಿಮ್ಮ ಕಣ್ಣೇ ಹಿಂದಿನ ಗುರಿಕಟ್ಟು. ನಳಿಗೆ ಮಧ್ಯದ ಪಟ್ಟಿ ಮೇಲೆ ಕಣ್ಣು ಸರಿಯಾಗಿ ಕೂರಬೇಕು ಅಂದ್ರೆ ಹಿಡಿ ಸ್ವಲ್ಪ ಪಕ್ಕಕ್ಕೆ ವಾಲಿರಬೇಕು. ಬಲಗೈಯವರ ಹಿಡಿ 3ರಿಂದ 6 ಮಿ.ಮೀ. ಬಲಕ್ಕೆ ವಾಲಿರುತ್ತೆ. ಇಂಗ್ಲಿಷಲ್ಲಿ ಕ್ಯಾಸ್ಟ್ ಆಫ್ ಅಂತಾರೆ. ಎಡಗೈಯವರಿಗೆ ಅಷ್ಟೇ ಎಡಕ್ಕೆ ಬೇಕು, ಅದು ಕ್ಯಾಸ್ಟ್ ಆನ್. ಬಲಗೈಯವರ ಕೆನ್ನೆ ಹಿಡಿಯ ಎಡಮಗ್ಗುಲಿಗೆ ಒರಗುತ್ತೆ, ನಮ್ಮದು ಬಲಮಗ್ಗುಲಿಗೆ. ಹಾಗಾಗಿ ಅವರಿಗೆ ದಾರಿ ಬಿಟ್ಟು ವಾಲಿರೋ ಅದೇ ಮರ ನಮ್ಮ ಕೆನ್ನೆಗೆ ಗುದ್ದುತ್ತೆ.

3 ಮಿ.ಮೀ. ಅಂದ್ರೆ ಎಷ್ಟು ಅನ್ಬೇಡಿ. ಕಣ್ಣಿಂದ ನಳಿಗೆ ತುದಿಯ ಮಣಿಗೆ ಹತ್ತಿರತ್ತಿರ 1 ಮೀಟರ್. ಕಣ್ಣು 3 ಮಿ.ಮೀ. ಆಚೆ ಇದ್ರೆ 30 ಮೀಟರ್ ದೂರದಲ್ಲಿ ಸುಮಾರು 9 ಸೆಂ.ಮೀ. ತಪ್ಪು. ಎಡಕ್ಕೆ 3 ಬೇಕಾದವನಿಗೆ ಬಲಕ್ಕೆ 3 ಕೊಟ್ರೆ ತಪ್ಪು ಡಬಲ್, 18 ಸೆಂ.ಮೀ. ಒಂದು ಗೇಣು!

"ಗಾಳಿಗೆ ಹಾರಿಸೋಕೆ ಗುರಿ ಯಾಕೆ?" ಅಂತ ಕೇಳ್ಬಹುದು. ಏಟು ಬೀಳುತ್ತೆ ಅಂತ ಗೊತ್ತಿರೋ ಮುಖ ಕುದುರೆ ಒತ್ತೋ ಕ್ಷಣದಲ್ಲಿ ತಾನಾಗೇ ಹಿಂದೆ ಸರಿಯುತ್ತೆ, ಕಣ್ಣು ಮುಚ್ಚುತ್ತೆ. ಕತ್ತಲು, ಅಟ್ಟಣೆ, ಪಕ್ಕದ ಹೊಲದಲ್ಲೂ ಕಾವಲಿಗೆ ಜನ. ಅಲ್ಲಿ ಕಣ್ಣು ಮುಚ್ಚೋ ಕೋವಿ ಬೇಡ.

5/8
ಈಗ ಹುಡುಕಾಟ. ಊರಿನ ಆಚಾರಿ ಹತ್ರ ಕೊಟ್ರೆ ಎರಡು ದಿನದ ಕೆಲಸ ಅಂತ ಎಲ್ಲರೂ ಹೇಳಿದ್ರು. ಕೊಡೋ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಇರೋರೇ ಬೇಕು. ಹಾಗಾಗಿ ಮೈಸೂರಿಗೆ ಹೋದ್ವಿ.

ಮೊದಲನೇ ಅಂಗಡೀಲಿ "ಎಡಗೈಗೆ ಅಂತ ರೆಡಿ ಬರಲ್ಲ ಸಾರ್, ಬಲಗೈ ಅಭ್ಯಾಸ ಮಾಡ್ಕೊಳ್ಳಿ" ಅಂದ್ರು. ಅಪ್ಪನಿಗೆ 52 ವರ್ಷ. ಇದೇ ಮಾತು ಒಂದನೇ ಕ್ಲಾಸಲ್ಲಿ ಕೇಳಿದ್ರು, ಈಗ ಮತ್ತೆ. ನನಗೆ ಅಳು ಬಂತು. ಅವರು ಮಾತ್ರ "ನಡಿಯವ್ವ, ಟೀ ಕುಡ್ಯಮ" ಅಂದ್ರು.

ಎರಡನೇ ಅಂಗಡಿಯ ವಯಸ್ಸಾದ ಮೇಸ್ತ್ರಿ ಬೇರೆ ಥರ. ಕೋವಿ ಬಿಚ್ಚಿ, ಖಾಲಿ ಇದೆ ಅಂತ ಎರಡು ಸಲ ನೋಡಿ, ಅಪ್ಪನ ಮುಂದೆ ಕನ್ನಡಿ ಹಿಡಿದ್ರು. "ಹೆಗಲಿಗೆ ಏರ್ಸಿ. ಕಣ್ಣು ಪಟ್ಟಿ ಮೇಲೆ ಕಾಣ್ತದಾ?" ಇಲ್ಲ. ಕಣ್ಣು ಬಲಕ್ಕೆ ಜಾರಿತ್ತು. ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ಮರ ತಪ್ಪು." ಅಪ್ಪ ನನ್ನ ಕಡೆ ನೋಡಿದ್ರು. ಆ ಮುಖದ ಫೋಟೋ ತೆಗೆಯೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಇಲ್ಲಿ ಅಂಗಡಿ ಮುಂದಿನ ಟೀ ಲೋಟದ ಫೋಟೋ ಹಾಕಿದ್ದೀನಿ.

6/8
ಮೇಸ್ತ್ರಿ ಹೇಳಿದ ದಾರಿಗಳು, ಯಾರಿಗಾದ್ರೂ ಉಪಯೋಗ ಆಗ್ಬಹುದು:

ಒಂದು, ಹಳೇ ಹಿಡೀನೇ ಬಗ್ಗಿಸೋದು. ಕುತ್ತಿಗೆಗೆ ಬಿಸಿ ಎಣ್ಣೆ ಕೊಟ್ಟು ನಿಧಾನಕ್ಕೆ ಎಡಕ್ಕೆ ತರ್ತಾರೆ. ಬಿರುಕು ಬಿಟ್ಟ ಮರಕ್ಕೆ ಆಗಲ್ಲ.

ಎರಡು, ಕೆನ್ನೆ ತಾಗೋ ಕಡೆ ಮರ ಕೆರೆದು ತೆಗೆಯೋದು. ಸ್ವಲ್ಪ ವ್ಯತ್ಯಾಸ ಇದ್ರೆ ಸಾಕಾಗುತ್ತೆ.

ಮೂರು, ಹೊಸ ಮರದಲ್ಲಿ ಕೆತ್ತಿಸೋದು. ಈಗಿನ ಕೆಲವು ಕೋವಿಗಳಲ್ಲಿ ಹಿಂದಿನಿಂದ ಒಂದೇ ಉದ್ದ ಬೋಲ್ಟು, ಬಿಚ್ಚಿ ಬೇರೆ ಹಿಡಿ ಹಾಕಬಹುದು. ಕೆಲವಕ್ಕೆ ವಾಲು ಬದಲಾಯಿಸೋ ಬಿಲ್ಲೆಗಳೂ ಬರುತ್ತವೆ. ನಮ್ಮ ಹಳೇ ಜೋಡಿನಳಿಗೆಗೆ ಹಾಗಲ್ಲ. ಕಬ್ಬಿಣದ ನಾಲಿಗೆಗಳು ಮರದೊಳಗೆ ಕೂರುತ್ತವೆ, ಕೂದಲೆಳೆ ಸಂದೂ ಇರಬಾರದು. ಸಂದು ಇದ್ರೆ ಪ್ರತಿ ಏಟಿಗೂ ಕಬ್ಬಿಣ ಮರವನ್ನ ಸೀಳುತ್ತೆ. ಕಬ್ಬಿಣಕ್ಕೆ ಮಸಿ ಹಚ್ಚಿ, ಮರಕ್ಕೆ ಒತ್ತಿ, ಕಪ್ಪು ಅಂಟಿದ ಕಡೆ ಮಾತ್ರ ಉಳಿಯಿಂದ ಕೆರೆದು, ಮತ್ತೆ ಒತ್ತಿ. ಎಷ್ಟು ಸಲ ಅಂತ ಲೆಕ್ಕ ಇಲ್ಲ.

ಮರ ಆಕ್ರೋಟ್, ಚೆನ್ನಾಗಿ ಒಣಗಿದ್ದು. ಬೀಟೆ ಚೆಂದ, ಆದ್ರೆ ಭಾರ. ಕೋವಿ ತೂಕ ಹಿಂದಕ್ಕೆ ಬಿದ್ದು ತೂಗು ತಪ್ಪುತ್ತೆ. ಮರದ ಎಳೆ ಕುತ್ತಿಗೆ ಜಾಗದಲ್ಲಿ ನೇರವಾಗಿ ಹಾದು ಹೋಗ್ಬೇಕು, ಅಡ್ಡ ಹೋದ್ರೆ ಮತ್ತೆ ಅಲ್ಲೇ ಬಿರುಕು. ಲೈಸೆನ್ಸ್ ತೋರಿಸಿ, ರಿಜಿಸ್ಟರಲ್ಲಿ ಬರೆಸಿ ಕೋವಿ ಕೊಟ್ಟು ಬಂದ್ವಿ. ಎರಡು ತಿಂಗಳು ಬೇಕಾಯ್ತು.

7/8
ಎಲ್ಲಾನೂ ಮರದಿಂದ ಸರಿ ಹೋಗಲ್ಲ. ಕೋವಿ ಮುರಿಯೋ ಸನ್ನೆ ಈಗಲೂ ಬಲಗಡೆಗೇ ತಿರುಗುತ್ತೆ, ಬಲಗೈ ಹೆಬ್ಬೆರಳಿಗೆ ಅಂತ ಮಾಡಿದ್ದು. ಅಪ್ಪ ಅದಕ್ಕೆ ಬಲಗೈ ತರ್ತಾರೆ. ಕೇಪಿನ ಕೋವಿ ಇರೋ ಎಡಗೈಯವರ ಪಾಡು ಇನ್ನೂ ಕಷ್ಟ: ಕೇಪು ಸಿಡಿಯೋ ಜಾಗ ಬಲಮಗ್ಗುಲಲ್ಲಿ, ಅಂದ್ರೆ ಅವರ ಮುಖ ಇರೋ ಕಡೆಗೇ. ಕೌಂಟರ್ ಸ್ಟ್ರೈಕಲ್ಲಿ ಒಂದು ಬಟನ್ ಒತ್ತಿದ್ರೆ ಗನ್ ಎಡಗೈಗೆ ಬರುತ್ತೆ. ಇಲ್ಲಿ ಯಾರೋ ಒಬ್ಬರು ಕೂತು ಕೆತ್ತಬೇಕು.

ಕೆನ್ನೆ? ಈ ಕಡ್ಲೆಕಾಯಿ ಕಾವಲಲ್ಲಿ ಒಂದು ಸಲವೂ ಊದಿಲ್ಲ. ಅಪ್ಪ ಅದರ ಬಗ್ಗೆ ಏನೂ ಹೇಳಿಲ್ಲ. ಆದ್ರೆ ಮೊನ್ನೆ ಅಕ್ಕನ ಮಗ ಎಡಗೈಲಿ ಸೀಮೆಸುಣ್ಣ ಹಿಡಿದಾಗ ಅಜ್ಜಿ ಕಿತ್ತು ಬಲಗೈಗೆ ಕೊಡೋಕೆ ಹೋದ್ರು. ಅಪ್ಪ ತಡೆದ್ರು. "ಬುಡವ್ವ, ಬರ್ಕಳ್ಳಿ ಅದರಲ್ಲೇ."

8/8
ಈಗ ಟೆಸ್ಟ್. ಎರಡೂ ಕೈ ಮುಂದೆ ಚಾಚಿ, ಅಂಗೈ ಜೋಡಿಸಿ ನಡುವೆ ಚಿಕ್ಕ ಕಿಂಡಿ ಮಾಡಿ. ಎರಡೂ ಕಣ್ಣು ಬಿಟ್ಟು ಕಿಂಡಿಯಲ್ಲಿ ದೂರದ ಗಡಿಯಾರ ನೋಡಿ. ಈಗ ಎಡಗಣ್ಣು ಮುಚ್ಚಿ. ಗಡಿಯಾರ ಹಾಗೇ ಕಾಣ್ತಿದ್ರೆ ನಿಮ್ಮದು ಬಲಗಣ್ಣು ಮುಂದು. ಮಾಯ ಆದ್ರೆ ಎಡಗಣ್ಣು. ಎನ್‌ಸಿಸಿ ಫೈರಿಂಗಲ್ಲಿ ಗುರಿ ಸಿಗಲ್ಲ ಅಂತ ಒದ್ದಾಡಿದವರು ಖಂಡಿತ ಮಾಡಿ ನೋಡಿ.

ಅಪ್ಪನ ಕೈಯೂ ಎಡ, ಕಣ್ಣೂ ಎಡ. ನನ್ನದು ಕೈ ಎಡ, ಕಣ್ಣು ಬಲ! ಅಂದ್ರೆ ಅಷ್ಟು ಓಡಾಡಿ ಮಾಡಿಸಿದ ಹಿಡಿ ಎಡಗೈಯವಳಾದ ನನಗೇ ಸರಿ ಹೋಗಲ್ಲ. ಬೇಜಾರಿಲ್ಲ. ಅದು "ಎಡಗೈಯವರ" ಹಿಡಿ ಅಲ್ಲ, ಅಪ್ಪನ ಹಿಡಿ. ಅವರ ಕತ್ತು, ಅವರ ಕೆನ್ನೆ, ಅವರ ಕಣ್ಣಿನ ಅಳತೆ. 21 ತುಂಬಿದ ಮೇಲೆ ನಾನು ಲೈಸೆನ್ಸಿಗೆ ಹಾಕ್ತೀನೋ ಇಲ್ವೋ ಗೊತ್ತಿಲ್ಲ. ಹಾಕಿದ್ರೆ ನನ್ನ ಅಳತೆ ಬೇರೆ ತೆಗೆಸಬೇಕು.

ನಿಮ್ಮ ಕೈ ಯಾವುದು, ಕಣ್ಣು ಯಾವುದು? ಕಾಮೆಂಟಲ್ಲಿ ಎರಡೇ ಪದ ಸಾಕು. ಮುಂದಿನ ಭಾಗ: ಎಡಗೈಯವರು ಮದುವೆ ಮನೇಲಿ ಊಟ ಬಡಿಸೋದು.

#ಎಡಗೈಡೈರಿ #ಗುಂಡ್ಲುಪೇಟೆ #ನಮ್ಮಪ್ಪ #ಕಾವಲು