ಪೈಪಿನ ಹುಟ್ಟೂರು

ದಾವಣಗೆರೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹಿತ್ತಾಳೆ ಕೊಳಗ, ಕೆಟ್ಟ ರೇಡಿಯೊ, ನಿಂತ ಗಡಿಯಾರಗಳ ಸಂದಿಯಲ್ಲಿ ಒಮ್ಮೊಮ್ಮೆ ತಂಬಾಕಿನ ಪೈಪೂ ಇಣುಕುತ್ತದೆ. ಸೇದುವ ಚಟ ನನಗಿಲ್ಲ, ಅದರ ಹುಟ್ಟೂರು ಹುಡುಕುವ ಚಟವಿದೆ. ಮನೆಯವರ ಲೆಕ್ಕದಲ್ಲಿ ಎರಡೂ ಒಂದೇ, ದುಡ್ಡು ಹೊಗೆಯಾಗುವ ದಾರಿ.

ಪೈಪಿನ ಜಾತಕವಿರುವುದು ಅದರ ಕತ್ತಿನಲ್ಲಿ. ನನ್ನದಕ್ಕೆ ಅಲ್ಲೊಂದು ಬೆಳ್ಳಿ ಬಳೆಯಿದೆ. ಮಂಡಿಪೇಟೆಯ ಬೆಳ್ಳಿ ಅಂಗಡಿಯವರ ಭೂತಗನ್ನಡಿ ಇಸಕೊಂಡು ನೋಡಿದೆ: ಒಂದು ಲಂಗರು, ನಡೆಯುವ ಸಿಂಹ, ಸವೆದುಹೋದ ಅಕ್ಷರ. ಸಿಂಹವೆಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮಿನದು, 1773ರಿಂದ ಅಲ್ಲಿನ ಪರೀಕ್ಷಾ ಕಚೇರಿ ಒತ್ತುತ್ತ ಬಂದ ಗುರುತು. ಕಡಲಿಲ್ಲದ ಊರಿಗೆ ಲಂಗರೇಕೆ? ಲಂಡನ್ನಿನ ಹೆಂಡದಂಗಡಿಯೊಂದರ ಹೆಸರಿನಿಂದ ಎತ್ತಿಕೊಂಡರು ಎನ್ನುತ್ತಾರೆ. ಅಕ್ಷರ ವರ್ಷ ಹೇಳಬೇಕಿತ್ತು. ಎಷ್ಟು ಕೈ ಉಜ್ಜಿದ್ದವೋ, ಅದು ಬಾಯಿ ಬಿಡಲಿಲ್ಲ.

ಬಳೆ ಬರ್ಮಿಂಗ್‌ಹ್ಯಾಮಿನದಾದ ಮಾತ್ರಕ್ಕೆ ಪೈಪು ಅಲ್ಲಿಯದಾಗಬೇಕಿಲ್ಲ. ಬುರುಡೆ ಬ್ರಯರ್, ಮೆಡಿಟರೇನಿಯನ್ ಸೀಮೆಯ ಪೊದೆಯೊಂದರ ಬುಡದ ಗಂಟು. ಬೆಂಕಿಗೆ ಸುಲಭಕ್ಕೆ ಜಗ್ಗದ್ದು. ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕಡೆಯುತ್ತಾರೆ. 19ನೇ ಶತಮಾನದ ನಡುವಿನಿಂದ ಈ ಕೆಲಸಕ್ಕೆ ಫ್ರಾನ್ಸಿನ ಸೇಂಟ್ ಕ್ಲೋದ್ ಹೆಸರುವಾಸಿ. ಅಲ್ಲಿ ಕಡೆದ ಬುರುಡೆಗಳು ಇಂಗ್ಲೆಂಡಿಗೆ ಹೋಗಿ ಇಂಗ್ಲಿಷ್ ಮುದ್ರೆ ಒತ್ತಿಸಿಕೊಂಡದ್ದೂ ಉಂಟು.

ಮುದ್ರೆ ಒತ್ತಿದವರ ಊರಷ್ಟೇ ನಮಗೆ ಸಿಗುತ್ತದೆ ಎಂಬುದೇ ಈ ಹುಡುಕಾಟದ ತೊಡಕು. ನಮ್ಮ ಕಡೆಯ ಮಣ್ಣಿನ ಚಿಲುಮೆಗೆ ಯಾವ ಕುಂಬಾರ ಮುದ್ರೆ ಒತ್ತಿದ? ಹಾಗೆ ನೋಡಿದರೆ ಅಕ್ಬರನ ಆಸ್ಥಾನಕ್ಕೆ ತಂಬಾಕು ಒಯ್ದ ಅಸದ್ ಬೇಗ್ ಅದನ್ನು ಕಂಡದ್ದು ನಮ್ಮ ವಿಜಾಪುರದಲ್ಲಿ, 1604ರ ಸುಮಾರಿಗೆ. ವೈದ್ಯರು ಬೇಡವೆಂದರೂ ಬಾದಶಹ ಒಂದೆರಡು ದಮ್ಮು ಎಳೆದನಂತೆ. ಮುಂದೆ ಶಿಶುನಾಳ ಷರೀಫರು ಗುಡಗುಡಿಯನ್ನು ತತ್ವಪದಕ್ಕೇ ಏರಿಸಿದರು. ಇಷ್ಟೆಲ್ಲ ಇದ್ದೂ ಹಳೆ ಚಿಲುಮೆ ಕೈಗೆ ಬಂದರೆ, ಯಾರದು, ಎಂದಿನದು ಎಂಬುದಕ್ಕೆ ಒಂದು ಗೀರೂ ಇರುವುದಿಲ್ಲ. ಅಂಗಡಿಯವ ಅದನ್ನು ತೂಕಕ್ಕೂ ಹಾಕುವುದಿಲ್ಲ.

ಹರಿಹರದಲ್ಲಿ ಪರಿಚಯದ ಹಿರಿಯರೊಬ್ಬರಿದ್ದಾರೆ, ನಿವೃತ್ತ ಟರ್ನರ್. 1941ರಲ್ಲಿ ಶುರುವಾಗಿ ಲೇತ್‌ಗಳಿಗೆ ಹೆಸರಾಗಿದ್ದ, ಈಗ ಬಾಗಿಲು ಹಾಕಿರುವ ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದವರು. ಅವರು ಬೆಳ್ಳಿ ಬಳೆಯ ಕಡೆ ತಿರುಗಿಯೂ ನೋಡಲಿಲ್ಲ. ಬಾಯಿಗಿಡುವ ಕೊಳವೆಯನ್ನು ತಿರುಚಿ ಬಿಚ್ಚಿ, ಕೂಡುವ ಜಾಗದ ಮೇಲೆ ಉಗುರು ಎಳೆದರು. ಉಗುರು ಎಡವಿತು.

“ನೋಡ್ರಿ ಸರ, ಇದು ಆಮೇಲೆ ಕೂರಿಸಿದ್ದು. ಲೇತಿಗೆ ಕಟ್ಟಿ ಕಡದಾರೆ, ತುದಿಗೆ ಕೈಯಾಗೆ ಅರ ಹಾಕ್ಯಾರೆ.”

“ಎಬೋನೈಟ್ ಅಲ್ವಾ?”

ಅವರು ಸೂಜಿ ಕಾಯಿಸಿ ಒಳಬದಿಗೆ ಮುಟ್ಟಿಸಿದರು. ಕೂದಲು ಸುಟ್ಟ ನಾತ ಮೂಗಿಗೆ ಹೊಡೆಯಿತು. ಎಬೋನೈಟ್ ಎಂದರೆ ಗಂಧಕ ಸೇರಿಸಿದ ಗಟ್ಟಿ ರಬ್ಬರು, ಅದಾಗಿದ್ದರೆ ಗಂಧಕದ ವಾಸನೆ ಬರಬೇಕಿತ್ತು. ಇದು ಕೋಡು, ಬಹುಶಃ ಎಮ್ಮೆಯದು. ಕೋಡಿನ ಕೊಳವೆಗಳು ಯುರೋಪಿನಲ್ಲೂ ಇದ್ದವು, ಆದರೆ ಹೊಸ ಪೈಪಿಗೆ ಹೀಗೆ ಎಡವುವ ಕೊಳವೆ ಕೂರಿಸುವವರು ಇರಲಾರರು.

“ಹಂಗಾದ್ರೆ ಇಲ್ಲೇ ಮಾಡ್ಸಿದ್ದಾ ಯಜಮಾನ್ರೆ?”

“ಇಲ್ಲೇ ಅಂತ ನಾ ಹೆಂಗ್ ಹೇಳ್ಲಿ? ಇಲ್ಲಿ ಆಗ್ದಿರೋ ಕೆಲ್ಸ ಅಂತೂ ಅಲ್ಲ.”

ಟಿಪ್ಪಣಿ ಪುಸ್ತಕದಲ್ಲಿ ಬುರುಡೆಯ ಮುಂದೆ ಫ್ರಾನ್ಸ್ ಎಂದು ಬರೆದು ಪ್ರಶ್ನಾರ್ಥಕ ಹಾಕಿದೆ, ಬಳೆಯ ಮುಂದೆ ಬರ್ಮಿಂಗ್‌ಹ್ಯಾಂ. ಕೊಳವೆಯ ಮುಂದೆ ಹರಿಹರ ಎಂದು ಬರೆದು ಅಲ್ಲೂ ಪ್ರಶ್ನಾರ್ಥಕ ಹಾಕಿದ್ದೇನೆ, ತುಸು ಚಿಕ್ಕದು.