ಉತ್ಸವಮೂರ್ತಿಯ ನಗೆ

ದೇವಾಲಯದ ಮೂಲವಿಗ್ರಹವು ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ; ಉತ್ಸವಮೂರ್ತಿಯಾದರೋ ಅಲಂಕಾರಗೊಂಡು ಬೀದಿಗೆ ಬಂದು ಕಂಡವರಿಗೆಲ್ಲ ದರ್ಶನವನ್ನು ಕೊಡುತ್ತದೆ. ಜಪಾನಿನಲ್ಲಿ ‘ಐಡೊರು’ ಎಂದು ಹೆಸರಾದ ತರುಣ ಗಾಯಕ ಗಾಯಕಿಯರ ಬಾಳು ಈ ಎರಡನೆಯ ಬಗೆಯದು. ವಿಗ್ರಹವೆಂಬ ಅರ್ಥದ ಇಂಗ್ಲಿಷು ಶಬ್ದವೇ ಜಪಾನೀಯರ ನಾಲಗೆಯಲ್ಲಿ ಈ ರೂಪವನ್ನು ತಾಳಿದೆ. 1964ರಲ್ಲಿ ಆ ದೇಶದಲ್ಲಿ ತೆರೆಕಂಡ ಒಂದು ಫ್ರೆಂಚ್ ಚಲಚ್ಚಿತ್ರದ ಹೆಸರಿನ ಮೂಲಕ ಈ ಮಾತು ಜನರ ಬಾಯಿಗೆ ಬಂದಿತು. ಲೋಹದ ಮೂರ್ತಿಗೆ ಇಲ್ಲದ ತೊಡಕೊಂದು ಮಾತ್ರ ಈ ಮೂರ್ತಿಗಳಿಗೆ ಉಂಟು: ಇವರಿಗೆ ಆಯಾಸವಾಗುತ್ತದೆ, ವಯಸ್ಸಾಗುತ್ತದೆ, ಪ್ರೀತಿಯೂ ಹುಟ್ಟುತ್ತದೆ.

ಐಡೊರುವಿನಲ್ಲಿ ಜನರು ಬಯಸುವುದು ಸಂಗೀತದ ಪ್ರೌಢಿಮೆಯನ್ನಲ್ಲ. ನೆರೆಮನೆಯ ಹುಡುಗಿಯಂತಿದ್ದವಳು ತಮ್ಮ ಕಣ್ಣೆದುರಿಗೇ ಕಲಿತು ಬೆಳೆಯುವುದನ್ನು. 2005ರಲ್ಲಿ ಟೋಕಿಯೊ ನಗರದ ಅಕಿಹಾಬಾರದಲ್ಲಿ ಆರಂಭವಾದ ಎಕೆಬಿ48 ಎಂಬ ತಂಡವು ಈ ಸಾಮೀಪ್ಯವನ್ನೇ ವ್ಯಾಪಾರದ ತಳಹದಿಯನ್ನಾಗಿ ಮಾಡಿಕೊಂಡಿತು. ಹಾಡಿನ ತಟ್ಟೆಯನ್ನು ಕೊಂಡವನಿಗೆ ಹಾಡಿದವಳ ಹಸ್ತಲಾಘವವೂ ದೊರೆಯಿತು. ಎಲ್ಲರಿಗೂ ಸಮೀಪವಾದವಳು ಯಾರೊಬ್ಬರಿಗೂ ಸ್ವಂತವಾಗಬಾರದೆಂಬ ಕಟ್ಟಳೆಯೂ ಈ ವೃತ್ತಿಯಲ್ಲಿ ಬೇರೂರಿತು. ಪ್ರಣಯವನ್ನು ನಿಷೇಧಿಸಿದ ಕರಾರನ್ನು ಮೀರಿದಳೆಂದು 2015ರಲ್ಲಿ ಟೋಕಿಯೊದ ನ್ಯಾಯಾಲಯವು ಹದಿನೇಳು ವರ್ಷದ ಹುಡುಗಿಯೊಬ್ಬಳು ಹಣ ತೆರಬೇಕೆಂದು ತೀರ್ಪಿತ್ತಿತು. 2016ರಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಮೊಕದ್ದಮೆಯಲ್ಲಿ ಪ್ರೀತಿಯು ಮನುಷ್ಯನ ಸುಖಾನ್ವೇಷಣೆಯ ಹಕ್ಕಿಗೆ ಸೇರಿದುದೆಂದು ಹೇಳಿ ಮಾಲಿಕರ ಬೇಡಿಕೆಯನ್ನು ತಳ್ಳಿಹಾಕಿತು. ಕಾನೂನಿಗೇ ಒಂದು ಮಾತಿನಲ್ಲಿ ಹೇಳಲಾಗದ ಸಂಗತಿಯಿದು.

ಇಂತಹ ಸಂಗತಿಗಳನ್ನು ರಂಗಸ್ಥಳದ ಮೇಲೆ ನಿಂತವಳು ಹೇಳುವಂತಿಲ್ಲ. ನಗುವುದೇ ಅವಳ ಕೆಲಸ. ಅವಳ ಪರವಾಗಿ ಮಾತನಾಡಿರುವುದು, ವಿಚಿತ್ರವಾದರೂ ನಿಜ, ಬರೆದ ಚಿತ್ರಗಳು. ಜಪಾನಿನ ಚಿತ್ರಕಥೆಗಳಾದ ಮಾಂಗಾಗಳಲ್ಲಿಯೂ ಚಲಿಸುವ ಚಿತ್ರಗಳಾದ ಅನಿಮೆಗಳಲ್ಲಿಯೂ ಈ ಮೂರ್ತಿಯ ಒಳಗಿನ ಜೀವವು ಮತ್ತೆ ಮತ್ತೆ ಕಾಣಿಸಿಕೊಂಡಿದೆ.

1983ರ ‘ಕ್ರೀಮಿ ಮಾಮಿ’ ಎಂಬ ಅನಿಮೆಯಲ್ಲಿ ಯೂ ಎಂಬ ಹತ್ತು ವರ್ಷದ ಬಾಲಕಿಗೆ ಒಂದು ವರ್ಷದ ಮಟ್ಟಿಗೆ ಮಾಯಾಶಕ್ತಿ ದೊರೆಯುತ್ತದೆ. ಆ ಶಕ್ತಿಯಿಂದ ಅವಳು ಹರೆಯದ ಗಾಯಕಿಯಾಗಿ ನಾಡಿಗೆಲ್ಲ ಪ್ರಿಯಳಾಗುತ್ತಾಳೆ. ಆದರೆ ಅವಳು ಮೆಚ್ಚಿದ ಹುಡುಗನು ಮರುಳಾಗುವುದು ಆ ಗಾಯಕಿಗೆ. ಪಕ್ಕದಲ್ಲಿಯೇ ಇರುವ ಯೂ ಅವನ ಕಣ್ಣಿಗೆ ಬೀಳುವುದಿಲ್ಲ. ತನ್ನ ವೇಷದ ಮೇಲೆ ತಾನೇ ಅಸೂಯೆಪಡಬೇಕಾದ ಆ ಬಾಲಕಿಯ ಅವಸ್ಥೆಯು ಮಕ್ಕಳ ಕಥೆಯಲ್ಲಿ ನಗೆಯ ವಿಷಯವಾಗಿಯೇ ಉಳಿದಿದೆ.

1997ರಲ್ಲಿ ಸತೋಶಿ ಕಾನ್ ನಿರ್ದೇಶಿಸಿದ ‘ಪರ್ಫೆಕ್ಟ್ ಬ್ಲೂ’ ಚಿತ್ರದಲ್ಲಿ ಆ ನಗೆಯು ಮಾಯವಾಗಿದೆ. ಅಲ್ಲಿ ಮಿಮಾ ಎಂಬವಳು ಗಾಯನತಂಡವನ್ನು ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಆದರೆ ಹಳೆಯ ಮಿಮಾಳನ್ನು ಬಿಟ್ಟುಕೊಡಲು ಕೆಲವರಿಗೆ ಮನಸ್ಸಿಲ್ಲ. ಅಂತರ್ಜಾಲದ ಪುಟವೊಂದರಲ್ಲಿ ಯಾರೋ ಅವಳ ಹೆಸರಿನಿಂದ ದಿನಚರಿಯನ್ನು ಬರೆಯುತ್ತಾರೆ. ಗಾಯಕಿಯ ಉಡುಪನ್ನು ತೊಟ್ಟ ಅವಳದೇ ಪ್ರತಿಬಿಂಬವು ಎದುರಿಗೆ ನಿಂತು ಅಣಕಿಸುತ್ತದೆ. ಜನರು ಪೂಜಿಸಿದ ರೂಪವೇ ಪಿಶಾಚಿಯಾಗಿ ಮೂಲದವಳನ್ನು ಹೊರಕ್ಕೆ ಅಟ್ಟಲೆಣಿಸುತ್ತದೆ.

2020ರಿಂದ 2024ರ ವರೆಗೆ ಪ್ರಕಟವಾದ ‘ಓಶಿ ನೊ ಕೊ’ ಎಂಬ ಮಾಂಗಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಆಯಿ ಎಂಬ ಹುಡುಗಿ ತಾಯಿಯ ಪ್ರೀತಿಯನ್ನು ಕಾಣದೆ ಬೆಳೆದವಳು. ಸಾವಿರಾರು ಜನರಿಗೆ ಪ್ರೀತಿಯ ಮಾತನ್ನು ಹೇಳುತ್ತ ಹೇಳುತ್ತ ಆ ಸುಳ್ಳು ಎಂದಾದರೊಂದು ದಿನ ನಿಜವಾಗಬಹುದೆಂದು ಅವಳು ಕಾದಿರುತ್ತಾಳೆ. ಅವಳಿಗೆ ಗುಟ್ಟಾಗಿ ಮಕ್ಕಳಾಗಿರುವುದನ್ನು ಸಹಿಸಲಾರದ ಅಭಿಮಾನಿಯೊಬ್ಬನು ಮನೆಯ ಬಾಗಿಲಿಗೇ ಬಂದು ಅವಳನ್ನು ಇರಿಯುತ್ತಾನೆ. ಪ್ರಾಣ ಹೋಗುವ ಹೊತ್ತಿನಲ್ಲಿ ತನ್ನ ಇಬ್ಬರು ಮಕ್ಕಳಿಗೆ ಹೇಳಿದ ಪ್ರೀತಿಯ ಮಾತೊಂದು ಮಾತ್ರ ಸುಳ್ಳಲ್ಲವೆಂದು ಅವಳಿಗೆ ತಿಳಿಯುತ್ತದೆ.

ಎಲ್ಲ ಕಥೆಗಳೂ ಹೀಗೆ ದಾರುಣವಲ್ಲ. 2013ರಲ್ಲಿ ಅನಿಮೆಯಾದ ‘ಲವ್ ಲೈವ್’ನಲ್ಲಿ ಮುಚ್ಚಿಹೋಗಲಿರುವ ಶಾಲೆಯನ್ನು ಉಳಿಸಲು ಒಂಬತ್ತು ಮಂದಿ ವಿದ್ಯಾರ್ಥಿನಿಯರು ಹಾಡುತ್ತಾರೆ, ಅಲ್ಲಿ ಸ್ನೇಹವೂ ಪರಿಶ್ರಮವೂ ಮುಖ್ಯ. ಆದರೆ ಆ ಒಂಬತ್ತು ಮಂದಿಗೆ ಕಂಠವನ್ನು ಕೊಟ್ಟವರು ಮನುಷ್ಯರೇ. 2016ರಲ್ಲಿ ಟೋಕಿಯೊ ಡೋಮ್ ಕ್ರೀಡಾಂಗಣದಲ್ಲಿ ಅವರು ಪಾತ್ರಗಳ ಉಡುಪನ್ನು ತೊಟ್ಟು ವಿದಾಯದ ಹಾಡುಗಳನ್ನು ಹಾಡಿದರು. ಚಿತ್ರದ ಹುಡುಗಿಗೆ ಮುಪ್ಪಿಲ್ಲ, ಹಾಡುವವಳಿಗೆ ಉಂಟು.

ಅಭಿಮಾನವು ಕೆಟ್ಟದೆಂದು ಇದರಿಂದ ಹೇಳಲಾಗದು. ದುಡಿದು ದಣಿದು ಒಂಟಿಯಾಗಿ ಮನೆಗೆ ಮರಳುವವನಿಗೆ ಒಂದು ನಗೆಯು ನೆಮ್ಮದಿಯನ್ನು ಕೊಟ್ಟರೆ ಅದು ಸಣ್ಣ ಉಪಕಾರವಲ್ಲ. ಆದರೆ ಉತ್ಸವ ಮುಗಿದ ಮೇಲೆ ಮೂರ್ತಿಯನ್ನು ಒಳಕ್ಕೆ ಬಿಜಯಮಾಡಿಸುವುದೂ ಭಕ್ತಿಯ ಅಂಗವೇ. 1980ರ ಅಕ್ಟೋಬರ್ 5ರಂದು ಟೋಕಿಯೊದ ಬುಡೋಕಾನ್ ಸಭಾಂಗಣದಲ್ಲಿ, ಆ ಕಾಲದ ಪ್ರಸಿದ್ಧ ಐಡೊರುವಾದ ಮೊಮೊಎ ಯಾಮಾಗುಚಿ ತನ್ನ ಕೊನೆಯ ಹಾಡನ್ನು ಹಾಡಿ, ಧ್ವನಿವರ್ಧಕವನ್ನು ರಂಗದ ನೆಲದ ಮೇಲೆ ಮೆಲ್ಲನೆ ಇರಿಸಿ ಹೊರಟುಹೋದಳು. ಆಗ ಅವಳಿಗೆ ಇಪ್ಪತ್ತೊಂದು ವರ್ಷ. ಮದುವೆಯಾಗಿ ಗೃಹಿಣಿಯಾದವಳು ಮರಳಿ ರಂಗಕ್ಕೆ ಬರಲಿಲ್ಲ. ಆ ದಿನ ಅತ್ತವರು ಬಹು ಮಂದಿ. ಆದರೂ ಅವಳು ಮನೆಗೆ ಹೋಗುವುದಕ್ಕೆ ದಾರಿಯನ್ನು ಬಿಟ್ಟರು.