ತುಳುವಿನ ನೆರಳಲ್ಲೊಂದು ಭಾಷೆ

ನನ್ನ ಮನೆಮಾತು ತುಳು. ಕನ್ನಡದ ಎದುರು ತುಳು ಸೊರಗುತ್ತಿದೆ ಅಂತ ಕಾಲೇಜು ದಿನಗಳಿಂದಲೂ ವಾದ ಮಾಡುತ್ತಾ ಬಂದವನು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಮಂದಿ ತುಳು ನಮ್ಮ ಮಾತು ಎಂದಿದ್ದಾರೆ. 25 ಸಾವಿರ ಮಂದಿಯೂ ಬರೆಸದ ಸಂಸ್ಕೃತ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿದೆ, ತುಳು ಇಲ್ಲ. ಈ ಲೆಕ್ಕ ನಮಗೆಲ್ಲ ಬಾಯಿಪಾಠ. ವಾದದಲ್ಲಿ ಹುರುಳಿದೆ, ಇಲ್ಲವೆಂದಲ್ಲ. ಆದರೆ ಕೊರಗರ ಕಾಲೊನಿಯಲ್ಲಿ ನಿಂತರೆ ಲೆಕ್ಕ ತಿರುಗಿಬಿಡುತ್ತದೆ. ಅಲ್ಲಿ ತುಳುವೇ ದೊಡ್ಡಣ್ಣ.

ಕೊರಗರಿಗೆ ಅವರದೇ ಭಾಷೆ ಇದೆ ಎಂಬುದು ಕರಾವಳಿಯವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಿದ್ದವರೂ 'ಅದು ತುಳುವೇ, ಸ್ವಲ್ಪ ಬೇರೆ ಥರ' ಅಂದುಬಿಡುತ್ತಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಈ ಭಾಷೆಯ ಮೇಲೆ ಒಂದು ಪುಸ್ತಕ ಬರೆದು, ಅದರೊಳಗಿನ ಉಪಭಾಷೆಗಳನ್ನೂ ಗುರುತಿಸಿದ್ದರು. ಐವತ್ತು ವರ್ಷ ಕಳೆದರೂ ಆ ಮಾತು ಊರಿಗೆ ತಲುಪಿಲ್ಲ.

ಬುಟ್ಟಿ ಹೆಣೆಯುವವರ ಬಗ್ಗೆ ಬರೆಯಲು ನಾನು ಉಡುಪಿ ಕಡೆಯ ಒಂದು ಕಾಲೊನಿಗೆ ಹೋಗಿದ್ದೆ. ಅಂಗಳದಲ್ಲಿ ಇಬ್ಬರು ಅಜ್ಜಿಯರು ಬಳ್ಳಿ ಸೀಳುತ್ತಾ ಮಾತಾಡುತ್ತಿದ್ದರು. ಒಂದೆರಡು ಪದ ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ಹತ್ತಿರ ಹೋದದ್ದೇ ತಡ, ಇಬ್ಬರೂ ತುಳುವಿಗೆ ಹೊರಳಿದರು. ಮೊಮ್ಮಗನಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ತುಳುವಿನಲ್ಲಿ. ಯಾಕೆ ಕಲಿಸಲಿಲ್ಲ ಎಂದು ಕೇಳಿದೆ. "ಬಸ್ಸಲ್ಲಿ ಈ ಭಾಷೆ ಆಡಿದ್ರೆ ನಾವು ಯಾರು ಅಂತ ಗೊತ್ತಾಗ್ತದಲ್ಲ" ಎಂದರು ಒಬ್ಬರು, ಬಳ್ಳಿಯಿಂದ ಕಣ್ಣೆತ್ತದೆ.

ಲಿಪಿ ಇಲ್ಲ, ಪುಸ್ತಕ ಇಲ್ಲ ಎಂದು ನಾವು ಸಾಮಾನ್ಯವಾಗಿ ಕೊಡುವ ಕಾರಣಗಳೆಲ್ಲ ಈ ಒಂದು ಮಾತಿನ ಎದುರು ಸಣ್ಣವು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಪೀಡೆಯನ್ನು ಕೊರಗರಿಗೆ ದಾಟಿಸುವ ಅಜಲು ಪದ್ಧತಿ ನಡೆದದ್ದು ಇದೇ ನೆಲದಲ್ಲಿ. ಅದನ್ನು ನಿಷೇಧಿಸಲು ಕಾನೂನು ಬಂದದ್ದು 2000ದಲ್ಲಿ, ಅಂದರೆ ಮೊನ್ನೆ ಮೊನ್ನೆ. ಮಾತೇ ಜಾತಿಯ ಗುರುತಾದಾಗ ತಾಯಂದಿರು ಮಕ್ಕಳಿಗೆ ಬೇರೆ ಮಾತು ಕಲಿಸುತ್ತಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ.

ಇನ್ನು ಸರ್ಕಾರದ ಲೆಕ್ಕ. ಕರ್ನಾಟಕದಲ್ಲಿ ಕೊರಗರ ಸಂಖ್ಯೆ 2001ರಲ್ಲಿ 16 ಸಾವಿರದಷ್ಟಿದ್ದದ್ದು 2011ಕ್ಕೆ 15 ಸಾವಿರದೊಳಗೆ ಇಳಿದಿದೆ. ಜನಗಣತಿಯ ಭಾಷಾ ಪಟ್ಟಿಯಲ್ಲೋ 10 ಸಾವಿರ ಮಂದಿ ಆಡದ ಮಾತಿಗೆ ಪ್ರತ್ಯೇಕ ಸಾಲು ಇಲ್ಲ, 'ಇತರೆ'ಗೆ ಸೇರಿಸುತ್ತಾರೆ. ಮನೆಯಲ್ಲಿ ತುಳು ಅಂತ ಬರೆಸಿದರೆ ಅದು ನಮ್ಮ 18 ಲಕ್ಷಕ್ಕೆ ಜಮೆ! ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆಗಳಿಗೆ ರಾಜ್ಯದಲ್ಲಿ ಅಕಾಡೆಮಿಗಳಿವೆ, ಇರಬೇಕಾದದ್ದೇ. ಕೊರಗ ಭಾಷೆಗೆ ಇಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮನೆಮಾತಿನಲ್ಲೇ ಕಲಿಸುವ ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಅಂಗಳದಲ್ಲಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಬಳ್ಳಿಗೆ ಕಾಡಿಗೆ ಹೋಗುವವರೂ ಕಡಿಮೆ. ಯಾವ ಬಳ್ಳಿ ಯಾವ ಬುಟ್ಟಿಗೆ, ಎಷ್ಟು ಒಣಗಿಸಬೇಕು ಎಂಬುದನ್ನು ಅಜ್ಜಿಯರು ತಮ್ಮೊಳಗೆ ಹೇಳಿಕೊಳ್ಳುವುದು ಆ ಭಾಷೆಯಲ್ಲೇ. ಕೆಲಸ ನಿಂತರೆ ಆ ಪದಗಳಿಗೆ ಬೇರೆ ಮನೆಯಿಲ್ಲ. ಕಾಲೊನಿಯ ಪದವೀಧರೆಯೊಬ್ಬಳು ಇಂಥ ಪದಗಳನ್ನು ಅಜ್ಜಿಯ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದಾಳೆ. ವರದಿಗೆ ಸ್ವಲ್ಪ ಕೊಡುತ್ತೀಯಾ ಎಂದೆ.

"ಸದ್ಯ ನಮ್ಮಲ್ಲೇ ಇರಲಿ" ಎಂದಳು.